ಕಾರ್ಮಿಕರ ಗುರು ಜೋಸೆಫ್ ಕಾರ್ಡೈನ್



ನಮ್ಮಲ್ಲಿ ಅನೇಕರು ಶಾಲೆಯಲ್ಲಿದ್ದಾಗ ವೈ.ಸಿ.ಎಸ್. ಸದಸ್ಯರಾಗಿದ್ದವರು. ನೋಡು, ವಿವೇಚಿಸು, ಕಾರ್ಯಕ್ಕಿಳಿ ಎಂಬ ಮೂರು ಹೆಜ್ಜೆಗಳನ್ನು ಬಾಯಿಪಾಠ ಮಾಡಿದವರು. ಆದರೆ ಅವುಗಳನ್ನು ಕಲಿಸಿದ ಗುರುವಿನ ಬದುಕು ನಮಗೆ ಅಷ್ಟಾಗಿ ತಿಳಿದಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಅನಂತಪುರದ ಪ್ಲೈವುಡ್ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸ್ಫೋಟಗೊಂಡು, ಅಸ್ಸಾಮಿನಿಂದ ದುಡಿಯಲು ಬಂದಿದ್ದ ಯುವಕನೊಬ್ಬ ತೀರಿಕೊಂಡ. ಹಲವರು ಗಾಯಗೊಂಡರು. ಅದಕ್ಕೆ ಕಾರಣ ಏನೆಂದು ಹೇಳುವುದು ತನಿಖೆಯ ಕೆಲಸ, ನನ್ನದಲ್ಲ. ಆದರೆ ಆ ಸುದ್ದಿ ಕೇಳಿದ ಮೇಲೆ ನನಗೆ ಕಾರ್ಡೈನ್ ಅವರ ನೆನಪಾಯಿತು.

ಜೋಸೆಫ್ ಕಾರ್ಡೈನ್ 1882ರ ನವೆಂಬರ್ 13ರಂದು ಬೆಲ್ಜಿಯಂ ದೇಶದ ಬ್ರಸೆಲ್ಸ್ ಬಳಿ ಹುಟ್ಟಿದರು. ಬೆಳೆದದ್ದು ಹಾಲೆ ಎಂಬ ಪಟ್ಟಣದಲ್ಲಿ. ತಂದೆ ಕಲ್ಲಿದ್ದಲು ಮಾರಿ ಸಂಸಾರ ಸಾಗಿಸುತ್ತಿದ್ದರು. ಬಡವರ ಮಕ್ಕಳು ಶಾಲೆ ಬಿಟ್ಟ ಕೂಡಲೇ ಕಾರ್ಖಾನೆಗೆ ಹೋಗುವುದು ಅಂದಿನ ವಾಡಿಕೆ. ಜೋಸೆಫನಿಗೂ ಅದೇ ದಾರಿ ಕಾದಿತ್ತು. ಒಂದು ರಾತ್ರಿ ಹುಡುಗ ಹಾಸಿಗೆಯಿಂದೆದ್ದು ಬಂದು, ತನಗೆ ಗುರುವಾಗುವ ಆಸೆಯಿದೆ ಎಂದು ಅಪ್ಪ ಅಮ್ಮನ ಮುಂದೆ ಹೇಳಿಕೊಂಡ. ಮಗನ ದುಡಿಮೆಯ ನಿರೀಕ್ಷೆಯಲ್ಲಿದ್ದ ತಂದೆ, ತಾನೇ ಇನ್ನಷ್ಟು ವರ್ಷ ದುಡಿಯಲು ಒಪ್ಪಿದರು.

ರಜೆಯಲ್ಲಿ ಊರಿಗೆ ಬಂದಾಗ ಜೋಸೆಫ್ ಕಂಡದ್ದು ಬೇರೆಯೇ ಲೋಕ. ಜೊತೆಯಲ್ಲಿ ಓದಿದ್ದ ಗೆಳೆಯರು ಕಾರ್ಖಾನೆ ಸೇರಿ ಬದಲಾಗಿದ್ದರು. ಧರ್ಮಸಭೆ ಧಣಿಗಳ ಕಡೆಯದು ಎಂದುಕೊಂಡು ಇವರಿಂದಲೂ ದೂರ ಸರಿದರು. ಆ ನೋವು ಅವರನ್ನು ಜೀವನಪೂರ್ತಿ ಬಿಡಲಿಲ್ಲ. 1903ರಲ್ಲಿ, ದುಡಿದು ದುಡಿದು ಸವೆದಿದ್ದ ತಂದೆಯೂ ತೀರಿಕೊಂಡರು. ಆ ಹಾಸಿಗೆಯ ಬಳಿಯೇ ಜೋಸೆಫ್, ತನ್ನ ಬದುಕು ದುಡಿಯುವವರಿಗಾಗಿ ಎಂದು ಪ್ರತಿಜ್ಞೆ ಮಾಡಿದರು.

1906ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. 1912ರಲ್ಲಿ ಬ್ರಸೆಲ್ಸ್‌ನ ಲಾಕೆನ್ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಬಂದರು. ಅಲ್ಲಿ ಹೊಲಿಗೆ ಕೆಲಸದ ಹುಡುಗಿಯರನ್ನೂ ಕಾರ್ಖಾನೆಯ ಹುಡುಗರನ್ನೂ ಒಟ್ಟು ಸೇರಿಸಿದರು. ಬರೀ ಉಪದೇಶ ಮಾಡಲಿಲ್ಲ, ಪ್ರಶ್ನೆ ಕೇಳಿದರು. ಅವರು ದುಡಿಯುವ ಜಾಗ ಹೇಗಿದೆ, ಎಷ್ಟು ಹೊತ್ತು ದುಡಿಯುತ್ತಾರೆ, ಕೂಲಿ ಎಷ್ಟು ಎಂದು ಅವರೇ ನೋಡಿ ಬರುವಂತೆ ಮಾಡಿದರು. ಕಂಡದ್ದನ್ನು ಶುಭಸಂದೇಶದ ಬೆಳಕಿನಲ್ಲಿ ವಿವೇಚಿಸಿ, ಬಳಿಕ ಏನಾದರೂ ಮಾಡಬೇಕಿತ್ತು. ಹೀಗೆ 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ರೂಪುಗೊಂಡಿತು. ಪೋಪ್ ಹನ್ನೊಂದನೇ ಪಯಸ್ ಅದರ ಬೆನ್ನಿಗೆ ನಿಂತರು.

ದಾರಿ ಸುಲಭವಾಗಿರಲಿಲ್ಲ. ಎರಡೂ ಮಹಾಯುದ್ಧಗಳಲ್ಲಿ ಜರ್ಮನ್ ಸೇನೆ ಕಾರ್ಡೈನ್ ಅವರನ್ನು ಸೆರೆಮನೆಗೆ ಹಾಕಿತು. ಮೊದಲಿನಿಂದ ಜೊತೆಗಿದ್ದ ಫರ್ನಾಂಡ್ ಟೋನೆ ಮತ್ತು ಪೌಲ್ ಗಾರ್ಸೆ 1945ರಲ್ಲಿ ಡಕಾವ್ ಶಿಬಿರದಲ್ಲಿ ಪ್ರಾಣಬಿಟ್ಟರು. 1961ರಲ್ಲಿ ಪೋಪ್ ಇಪ್ಪತ್ಮೂರನೇ ಜಾನ್ ತಮ್ಮ ವಿಶ್ವಪತ್ರದಲ್ಲಿ ಆ ಮೂರು ಹೆಜ್ಜೆಗಳನ್ನು ಇಡೀ ಧರ್ಮಸಭೆಗೆ ಶಿಫಾರಸು ಮಾಡಿದರು. 1965ರಲ್ಲಿ ಪೋಪ್ ಆರನೇ ಪೌಲ್ ಕಾರ್ಡೈನ್ ಅವರನ್ನು ಕಾರ್ಡಿನಲ್ ಪದವಿಗೇರಿಸಿದರು. 1967ರ ಜುಲೈ 24ರಂದು, 84ರ ವಯಸ್ಸಿನಲ್ಲಿ ಅವರು ದೇವರ ಪಾದ ಸೇರಿದರು.

ಈಗ ನಮ್ಮ ಕಡೆ ನೋಡೋಣ. ಪದವಿ ಮುಗಿಸಿದ ಮೇಲೆ ಕೆಲವು ತಿಂಗಳು ನಾನೂ ಒಂದು ಸಣ್ಣ ಘಟಕದಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಕೆಲಸ ಬೇಗ ಆಗಲೆಂದು ಮರ ಕತ್ತರಿಸುವ ಯಂತ್ರದ ರಕ್ಷಣಾ ಮುಚ್ಚಳವನ್ನು ತೆಗೆದಿಟ್ಟಿದ್ದರು. ಬಿಎಸ್ಸಿ ಓದಿದ ನನಗೆ ಅಪಾಯ ಗೊತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ, ಕೆಲಸ ಹೋದರೆ ಎಂಬ ಹೆದರಿಕೆ. ಓದಿದ ನನ್ನ ಗತಿಯೇ ಹೀಗಾದರೆ, ಭಾಷೆ ಬಾರದ ಊರಿಗೆ ಬಂದು ದುಡಿಯುವ ಹುಡುಗ ಹೇಗೆ ಕೇಳಿಯಾನು? ಅವನು ಕೇಳಲಾರ ಎಂಬ ಕಾರಣಕ್ಕೇ ಕಾನೂನು ಹೊಣೆಯನ್ನು ಧಣಿಯ ಮೇಲೆ ಹೊರಿಸಿದೆ.

ಭೋಪಾಲ್ ದುರಂತದ ನಂತರ, 1987ರಲ್ಲಿ ನಮ್ಮ 1948ರ ಕಾರ್ಖಾನೆ ಕಾಯ್ದೆಗೆ ಈ ಹೊಣೆಯನ್ನು ಸ್ಪಷ್ಟವಾಗಿ ಸೇರಿಸಲಾಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನೇ ಹೇಳುತ್ತದೆ: ಕೆಲಸದ ಜಾಗ ಅಪಾಯಮುಕ್ತವಾಗಿರಬೇಕು, ನೇಮಕಾತಿ ಪತ್ರ ಕೊಡಬೇಕು, ಸುರಕ್ಷತೆಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡಕೂಡದು.

ನಮ್ಮಲ್ಲೂ ಧಣಿಗಳಿದ್ದಾರೆ. ವರ್ಕ್‌ಶಾಪ್, ಕಟ್ಟಡದ ಕಂಟ್ರಾಕ್ಟ್, ಅಡಿಕೆ ತೋಟ ನಡೆಸುವವರಿದ್ದಾರೆ. ಕೆಲಸದವರು ನಮ್ಮ ಮನೆಯವರ ಹಾಗೆ ಎಂದು ಅವರು ಹೇಳುವುದು ಸುಳ್ಳಲ್ಲ. ಆದರೆ ಅವಸರದ ದಿನ ಒಳ್ಳೆಯ ಮನಸ್ಸೂ ಮರೆಯುತ್ತದೆ. ಮರೆಯಬಾರದೆಂದೇ ಕಾನೂನು ಇರುವುದು. ಮರೆತರೆ ಹೋಗುವುದು ಇನ್ನೊಬ್ಬ ತಾಯಿಯ ಮಗನ ಕೈ, ಇಲ್ಲವೇ ಜೀವ. ಪರಿಹಾರದ ಹಣದಿಂದ ಅದು ಮರಳದು. ಕಾರ್ಡೈನ್ ಅವರ ಗೆಳೆಯರು ಚರ್ಚ್ ಬಿಟ್ಟದ್ದು ಬರೀ ಪ್ರಸಂಗ ಹಿಡಿಸದೆ ಅಲ್ಲ, ತಮ್ಮ ಕಷ್ಟದ ಕಡೆ ಯಾರೂ ನೋಡದ್ದರಿಂದ. ನಮ್ಮ ಕೈಕೆಳಗೆ ದುಡಿಯುವವರು ನಮ್ಮ ಶುಭಸಂದೇಶವನ್ನು ಓದುವುದು ನಮ್ಮ ಕೆಲಸದ ಜಾಗದಲ್ಲೇ.

ಈ ವಾರ ಧಣಿಗಳು ತಮ್ಮ ಜಾಗವನ್ನು ಒಮ್ಮೆ ಸುತ್ತಿ ನೋಡಲಿ. ಯುವಜನರಾದ ನಾವು ಕಂಡ ಅಪಾಯವನ್ನು ಬಾಯಿಬಿಟ್ಟು ಹೇಳುವ ಧೈರ್ಯ ತಂದುಕೊಳ್ಳೋಣ. ಕಾರ್ಮಿಕರಾದ ಸಂತ ಜೋಸೆಫರೇ, ದುಡಿಯಲು ಹೋದವರೆಲ್ಲ ಸಂಜೆ ಕ್ಷೇಮವಾಗಿ ಮನೆ ಸೇರುವಂತೆ ನಮಗಾಗಿ ಪ್ರಾರ್ಥಿಸಿರಿ.