ನಾಲ್ಕು ನೆಲಗಳನ್ನು ಕಂಡ ತೋಟಗಾರ ಕೃಂಬಿಗಲ್



ಕೊಟ್ಟೂರಿನ ಸೀಮೆಯಲ್ಲಿ ಒಂದು ಹೊಲ ಎರೆಯಾದರೆ ಇನ್ನೊಂದು ಮಸಾರಿ. ಮುಂಗಾರಿನಲ್ಲಿ ಆಸೆಪಟ್ಟು ನೆಟ್ಟ ನಿಂಬೆ, ದಾಳಿಂಬೆ, ನುಗ್ಗೆ ಸಸಿಗಳು ಬೇಸಿಗೆ ಬರುವಷ್ಟರಲ್ಲಿ ಒಣಗಿದ್ದನ್ನು ನೀವೂ ಕಂಡಿರಬಹುದು. ನಾವು ಬಿಸಿಲನ್ನು ಬೈಯುತ್ತೇವೆ. ಆದರೆ ಎಷ್ಟೋ ಸಲ ದೋಷವಿರುವುದು ಸಸಿ ಬೆಳೆದ ಕುಂಡದಲ್ಲಿ, ಅದಕ್ಕೆ ತುಂಬಿದ ಮಣ್ಣಿನಲ್ಲಿ. ಈ ಮಾತು ಮನಸ್ಸಿಗೆ ನಾಟಬೇಕಾದರೆ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರ ಬಾಳನ್ನು ತಿಳಿಯಬೇಕು.

ಅವರು ಹುಟ್ಟಿದ್ದು 1865ರಲ್ಲಿ, ಜರ್ಮನಿಯ ಡ್ರೆಸ್ಡೆನ್ ನಗರದ ಬಳಿ. ತಾಯ್ನಾಡಿನಲ್ಲಿ ತೋಟಗಾರಿಕೆ ಕಲಿತು 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ದುಡಿದು, ಮುಂದೆ ಕ್ಯೂ ಸಸ್ಯೋದ್ಯಾನ ಸೇರಿದರು. ಲೋಕದ ನಾನಾ ದೇಶಗಳ ಗಿಡಗಳನ್ನು ಸಾಕುವ ತಾಣ ಅದು. ಮಳೆಕಾಡಿನ ಗಿಡಕ್ಕೆ ಒಂದು ಮಣ್ಣು, ಮರುಭೂಮಿಯ ಕಳ್ಳಿಗೆ ಇನ್ನೊಂದು. ಅಲ್ಲಿ ಗಿಡದ ಗುಣ ನೋಡಿ ಮಣ್ಣು ಕಲಸಬೇಕು.

1893ರಲ್ಲಿ ಬರೋಡದ ಮಹಾರಾಜರ ತೋಟಗಳಿಗೆ ಬಂದರು. ಆ ಸೀಮೆಯಲ್ಲಿ ನಮ್ಮ ಎರೆಯಂಥ ಕಪ್ಪು ನೆಲ ಉಂಟು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನಕ್ಕೆ ಬಂದು ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತರು. ಇಲ್ಲಿಯದು ಕೆಂಪು ಮಣ್ಣು. ಹೀಗೆ ನಾಲ್ಕನೆಯ ನೆಲದಲ್ಲಿ ಅವರ ಬೇರು ಇಳಿಯಿತು.

ಹೊರದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ಇಲ್ಲಿಗೆ ಒಗ್ಗಿಸಿದರು. ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಲು ಕಾರಣರಾದರು. 1932ರಲ್ಲಿ ನಿವೃತ್ತರಾದರೂ ಈ ನಾಡು ಬಿಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಶತ್ರು ದೇಶದವರೆಂದು ಶಿಬಿರದಲ್ಲಿ ಇಟ್ಟಿತು. ಎಪ್ಪತ್ತು ದಾಟಿದ ಮುದುಕರಿಗೆ ಅದೆಂಥ ಪೆಟ್ಟು! ಆದರೂ ಮರಳಿ ಬೆಂಗಳೂರಿಗೇ ಬಂದು, 1956ರಲ್ಲಿ ಇಲ್ಲಿಯೇ ಮಣ್ಣಾದರು.

ಅವರು ದುಡಿದ ಕಾಲದಲ್ಲಿ ನಮ್ಮ ಬಳ್ಳಾರಿ ಸೀಮೆ ಮದ್ರಾಸು ಪ್ರಾಂತ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರಲ್ಲಿ. ಅವರ ಕೈಯ ಸಸಿ ನಮಗೆ ಬರಲಿಲ್ಲ. ಆದರೆ ನೆಲ ಬದಲಾದಾಗ ಮಣ್ಣನ್ನು ಹದಗೊಳಿಸಿ ಗಿಡ ಉಳಿಸಬೇಕೆಂಬ ತೋಟಗಾರನ ಪಾಠ ನಮಗೂ ಬೇಕು.

ಎರೆ ಮಣ್ಣನ್ನೇ ಕುಂಡಕ್ಕೆ ತುಂಬಿದರೆ ನೀರು ನಿಂತು ಬೇರು ಕೊಳೆಯುತ್ತದೆ. ಒಣಗಿದಾಗ ಬಿರಿದು ಎಳೆಬೇರು ಹರಿಯುತ್ತದೆ. ಬರೀ ಉಸುಕಾದರೆ ನೀರು ನಿಲ್ಲದು. ಮಸಾರಿ ಮಣ್ಣು 2 ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 1 ಪಾಲು, ಉಸುಕು 1 ಪಾಲು ಕಲಸಿರಿ. ಎರೆ ಮಣ್ಣು ಮಾತ್ರ ಇದ್ದರೆ ಮೂರನ್ನೂ ಸಮಪಾಲು ಮಾಡಿರಿ. ಹಸಿ ಗೊಬ್ಬರ ಬೇಡ. ಅದು ಬೇರನ್ನು ಸುಡುತ್ತದೆ, ಗೊಣ್ಣೆಹುಳುವನ್ನೂ ತರುತ್ತದೆ. ತೇವದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಅದೇ ಹದ.

ಮಣ್ಣಿನ ಕುಂಡ ಬೇರಿಗೆ ತಂಪು, ಆದರೆ ಬೇಗ ಒಣಗುತ್ತದೆ. ನೀರು ಹೆಚ್ಚು ಸಲ ಬೇಕು. ತಗಡಿನ ಡಬ್ಬಿ ಬಿಸಿಲಿಗೆ ಕಾಯುವುದರಿಂದ ನೆರಳಿನಲ್ಲಿಡಿರಿ. ಪಾಲಿಥಿನ್ ಚೀಲ ಅಗ್ಗ, ಸಾಗಿಸಲು ಸುಲಭ. ಯಾವುದಾದರೂ ಸರಿ, ತಳದಲ್ಲಿ ತೂತು ಇರಲೇಬೇಕು. ಕುಂಡದ ತೂತಿನ ಮೇಲೆ ಒಡೆದ ಹಂಚಿನ ಚೂರು ಇಟ್ಟರೆ ಮಣ್ಣು ಸೋರದು.

ಚೀಲದಲ್ಲಿ ಸಸಿ ಬಹುಕಾಲ ಉಳಿದರೆ ಬೇರು ಸುರುಳಿ ಸುತ್ತುತ್ತದೆ. ಅಂಥದ್ದು ಹೊಲದಲ್ಲಿ ನೆಟ್ಟರೂ ಏಳದು. ಕೊಳ್ಳುವಾಗ ಚೀಲದ ತಳ ನೋಡಿರಿ. ನೆಡುವ ಮುನ್ನ ಸಸಿಯನ್ನು ದಿನದಿಂದ ದಿನಕ್ಕೆ ಹೆಚ್ಚು ಬಿಸಿಲಿಗೆ ಒಡ್ಡಿ ಗಟ್ಟಿಮಾಡಿರಿ. ಮಣ್ಣಿನ ಹೆಂಟೆ ಒಡೆಯದಂತೆ ಚೀಲ ಹರಿದು ತೆಗೆದು, ಗುಂಡಿಗೆ ಇಳಿಸಿರಿ.

ಜರ್ಮನಿಯ ಒಂದು ಸಸಿ ನಮ್ಮ ನಾಡಿನಲ್ಲಿ ಮರವಾಯಿತು. ಈ ಮುಂಗಾರಿಗೆ ನಿಮ್ಮ ಬದುವಿನ ಸಸಿಗೂ ಅಂಥ ಬೇರು ಸಿಗಲಿ.