ಎಡ-ಬಲ ತೋರಿಸಿದ ಬ್ಲಮ್‌ಲೈನ್

ಅಲನ್ ಬ್ಲಮ್‌ಲೈನ್ ಹುಟ್ಟಿದ್ದು 1903ರಲ್ಲಿ, ಲಂಡನ್‌ನಲ್ಲಿ. ಆಗಿನ ಸಿನಿಮಾಗಳಲ್ಲಿ ನಟ ಪರದೆಯ ಎಡತುದಿಗೆ ಹೋದರೂ ದನಿ ಮಾತ್ರ ಇದ್ದಲ್ಲಿಂದಲೇ ಬರ್ತಿತ್ತು. ಇಎಂಐ ಕಂಪನಿಯ ಈ ಇಂಜಿನಿಯರ್‌ಗೆ ಅದು ಸರಿ ಕಾಣಲಿಲ್ಲ. ಎರಡು ಸ್ಪೀಕರ್‌ಗಳ ಲೆವೆಲ್ ಹೆಚ್ಚುಕಡಿಮೆ ಮಾಡಿದರೆ ದನಿಯ ಜಾಗವೇ ಬದಲಾದಂತೆ ಕೇಳುತ್ತೆ ಎಂದು ಲೆಕ್ಕಹಾಕಿ, 1931ರ ಡಿಸೆಂಬರ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಅದೇ ಸ್ಟೀರಿಯೊ.

ನಾಪೋಕ್ಲುವಿನ ನಮ್ಮನೆ ಹೋಂ ಥಿಯೇಟರ್‌ಗೂ ಇದೇ ಲೆಕ್ಕ. ಸೋಫಾ ಬಲಗೋಡೆಗೆ ಅಂಟಿದೆ, ಹಾಗಾಗಿ ಬಲಗಡೆ ಸ್ಪೀಕರ್‌ದೇ ಗದ್ದಲ. ಅದರ ಲೆವೆಲ್ ಒಂದೆರಡು ಡೆಸಿಬೆಲ್ ಇಳಿಸಿದ್ರೆ ಹಾಡು ಮತ್ತೆ ಮಧ್ಯಕ್ಕೆ ಬರುತ್ತೆ.

1942ರ ಜೂನ್ 7ರಂದು ರೇಡಾರ್ ಪರೀಕ್ಷೆಗೆ ಹೋಗಿದ್ದ ವಿಮಾನ ಬಿದ್ದು ಬ್ಲಮ್‌ಲೈನ್ ತೀರಿಕೊಂಡರು. ವಯಸ್ಸು 38, ಹೆಸರಲ್ಲಿ 128 ಪೇಟೆಂಟ್. ಯುದ್ಧದ ಗುಟ್ಟು ಅಂತ ಸಾವಿನ ಸುದ್ದಿಯನ್ನೂ ಮುಚ್ಚಿಟ್ಟರು. ಸ್ಟೀರಿಯೊ ರೆಕಾರ್ಡ್‌ಗಳು ಅಂಗಡಿ ತುಂಬಾ ಬರೋದಕ್ಕೆ 1958 ಆಯ್ತು. ಅವರು ಕೇಳಲಿಲ್ಲ, ನಾವು ಕೇಳ್ತಿದ್ದೀವಿ.