ಸೊನ್ನಲಿಗೆಯ ಶಿವಯೋಗಿ ಶ್ರೀ ಸಿದ್ಧರಾಮೇಶ್ವರರು

ದೇವಾಲಯಗಳನ್ನು ಕಟ್ಟಿಸಿದ ಪುಣ್ಯವಂತರು ನಮ್ಮ ನಾಡಿನಲ್ಲಿ ಅನೇಕರು. ಆದರೆ ದೇವಾಲಯವನ್ನು ನೆವಮಾಡಿಕೊಂಡು ಒಂದು ಊರಿನ ಬಾಳನ್ನೇ ಕಟ್ಟಿದ ಮಹಾನುಭಾವರು ವಿರಳ. ಹನ್ನೆರಡನೆಯ ಶತಮಾನದಲ್ಲಿ ಇಂದಿನ ಸೊಲ್ಲಾಪುರವಾದ ಸೊನ್ನಲಿಗೆಯನ್ನು ಪಾವನಗೊಳಿಸಿದ ಶ್ರೀ ಸಿದ್ಧರಾಮೇಶ್ವರರು ಅಂತಹ ವಿರಳರಲ್ಲಿ ಅಗ್ರಗಣ್ಯರು. ಜೀರ್ಣೋದ್ಧಾರದ ಈ ಶುಭಸಂದರ್ಭದಲ್ಲಿ ಅವರ ಪುಣ್ಯಚರಿತೆಯನ್ನು ಸ್ಮರಿಸುವುದು ಉಚಿತವೇ ಆಗಿದೆ.

ಸೊನ್ನಲಿಗೆಯ ಮುದ್ದುಗೌಡ ಮತ್ತು ಸುಗ್ಗವ್ವೆ ಎಂಬ ಸಾತ್ವಿಕ ದಂಪತಿಗಳ ಉದರದಲ್ಲಿ ಸಿದ್ಧರಾಮರು ಜನಿಸಿದರು. ಮನೆದೇವರ ಹೆಸರಿನಿಂದ ಶಿಶುವಿಗೆ ಧೂಳಿಮಾಕಾಳನೆಂದು ನಾಮಕರಣವಾಯಿತು. ಬಾಲಕನು ಮಿತಭಾಷಿ, ಆಟಪಾಟಗಳಲ್ಲಿ ಆಸಕ್ತಿ ಇರಲಿಲ್ಲ. ಮಂದಬುದ್ಧಿಯವನೆಂದು ತಿಳಿದ ಮನೆಯವರು ಅವನನ್ನು ದನಕಾಯಲು ಕಳುಹಿಸಿದರು. ಒಂದು ದಿನ ಹೊಲದಲ್ಲಿದ್ದ ಬಾಲಕನ ಬಳಿಗೆ ಜಂಗಮರೊಬ್ಬರು ಬಂದು, ತಾವು ಶ್ರೀಶೈಲದ ಮಲ್ಲಯ್ಯನೆಂದು ಹೇಳಿ, ಸುಟ್ಟ ತೆನೆಯನ್ನು ಬೇಡಿ ತಿಂದರು. ಹೊಟ್ಟೆಯ ಉರಿ ತಣಿಯಲು ಮಜ್ಜಿಗೆ ಅನ್ನ ಬೇಕೆಂದರು. ಬಾಲಕನು ಮನೆಗೆ ಓಡಿಹೋಗಿ ಬುತ್ತಿ ತರುವಷ್ಟರಲ್ಲಿ ಅತಿಥಿಯು ಕಾಣದಾಗಿದ್ದನು.

ಹಸಿದವನಿಗೆ ಉಣಿಸಲಾಗಲಿಲ್ಲವಲ್ಲ ಎಂಬ ಕೊರಗೇ ಆ ಬಾಲಕನ ಪ್ರಥಮ ಸಾಧನೆ. ಬುತ್ತಿಯನ್ನು ಹಿಡಿದು, ಮಲ್ಲಯ್ಯನನ್ನು ಕೂಗುತ್ತ, ಯಾತ್ರಿಕರ ಜತೆ ಶ್ರೀಶೈಲಕ್ಕೆ ನಡೆದನು. ಗರ್ಭಗುಡಿಯ ಲಿಂಗವನ್ನು ಜನರು ತೋರಿಸಿದರೂ ತನ್ನೊಡನೆ ಮಾತನಾಡಿದ ಮಲ್ಲಯ್ಯನು ಇವನಲ್ಲವೆಂದು ಮರುಗಿದನು. ಕಡೆಗೆ ಕಮರಿಗೆ ಧುಮುಕಲು ಮುಂದಾದಾಗ ಮಲ್ಲಿಕಾರ್ಜುನನೇ ಪ್ರತ್ಯಕ್ಷನಾಗಿ ಕೈಹಿಡಿದನೆಂದೂ, ಸೊನ್ನಲಿಗೆಗೆ ಮರಳಿ ಅದನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡಬೇಕೆಂದು ಅಪ್ಪಣೆಯಿತ್ತನೆಂದೂ ಚರಿತೆಯು ಹೇಳುತ್ತದೆ. ಹದಿಮೂರನೆಯ ಶತಮಾನದ ಮಹಾಕವಿ ರಾಘವಾಂಕನು ಈ ಕಥೆಯನ್ನು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಅಮರಗೊಳಿಸಿದ್ದಾನೆ.

ಹಿಂದಿರುಗಿದ ಸಿದ್ಧರಾಮರು ಮಲ್ಲಿಕಾರ್ಜುನನ ಗುಡಿಯನ್ನು ಕಟ್ಟಿಸಿದರು. ಊರ ಸುತ್ತಣ ಪಂಚಕ್ರೋಶದಲ್ಲಿ 68 ಲಿಂಗಗಳನ್ನು ಪ್ರತಿಷ್ಠಾಪಿಸಿದರೆಂಬುದು ಪರಂಪರೆ. ಆದರೆ ಕಾರ್ಯವು ಗುಡಿಯಲ್ಲಿಯೇ ನಿಲ್ಲಲಿಲ್ಲ. ಸೊನ್ನಲಿಗೆಯದು ಮಳೆ ಕಡಿಮೆಯಾದ ಬಯಲುಸೀಮೆ. ಇಲ್ಲಿ ದೇವರ ಅಭಿಷೇಕಕ್ಕೆ ಬೇಕಾದ ನೀರೇ ದನಕ್ಕೂ ಜನಕ್ಕೂ ಬೇಕು. ಆದುದರಿಂದ ಶಿಷ್ಯಸಮೂಹವನ್ನು ಕೂಡಿಸಿಕೊಂಡು, ತಾವೂ ದುಡಿದು, ವಿಶಾಲವಾದ ಕೆರೆಯನ್ನು ತೋಡಿಸಿದರು. ಬಡವರ ಮಕ್ಕಳಿಗೆ ಸಾಮೂಹಿಕ ವಿವಾಹಗಳನ್ನು ನೆರವೇರಿಸಿದರೆಂದೂ ಹೇಳುತ್ತಾರೆ. ಹೀಗೆ ಆ ಗುಡಿಯು ಪೂಜಾಸ್ಥಾನವಾಗಿದ್ದಂತೆಯೇ ದಣಿದವರ ನೆರಳೂ, ದುಡಿಯುವವರ ಕೂಟವೂ ಆಯಿತು.

ಇಂತಹ ಕೀರ್ತಿಯ ಶಿಖರದಲ್ಲಿ ಅವರಿಗೆ ಕಠಿಣ ಪರೀಕ್ಷೆಯೊಂದು ಒದಗಿತು. ಶೂನ್ಯಸಂಪಾದನೆಯ ಪ್ರಕಾರ ಅಲ್ಲಮಪ್ರಭುಗಳು ಕೆರೆಯ ಕೆಲಸ ನಡೆಯುತ್ತಿದ್ದಲ್ಲಿಗೆ ಬಂದು, ಮಣ್ಣು ಹೊರುವ ಒಡ್ಡರ ರಾಮನೆಲ್ಲಿ ಎಂದು ಮೂದಲಿಸಿ ಕೇಳಿದರು. ಗುರುನಿಂದೆಯನ್ನು ಸಹಿಸದ ಶಿಷ್ಯರು ಕಲ್ಲೆಸೆದರು. ಸಿದ್ಧರಾಮರೇ ಕೆರಳಿ ಬಂದರು. ಅವರ ಕೋಪಾಗ್ನಿಯು ಪ್ರಭುವನ್ನು ಮುಟ್ಟದೆ ಹೋಯಿತು. ಆಗ ಪ್ರಭುಗಳು ಅವರಿಗೆ ಒಳಗಣ್ಣನ್ನು ತೆರೆಸಿದರು. ಕಲ್ಲಿನ ಗುಡಿಯನ್ನು ಕಟ್ಟಿದವನು ತನ್ನೊಳಗಿನ ಗುಡಿಯನ್ನು ಕಟ್ಟಿಕೊಂಡಿದ್ದಾನೆಯೇ? ನಾನು ಕಟ್ಟಿಸಿದೆನೆಂಬ ಅಭಿಮಾನವು ಉಳಿದಿರುವಾಗ ಆ ಪುಣ್ಯವೇ ಬಂಧನವಾಗಲಾರದೇ? ಇದೇ ಆ ಪರೀಕ್ಷೆಯ ತಿರುಳು.

ಸಹಸ್ರಾರು ಜನರಿಂದ ಪೂಜೆಗೊಳ್ಳುತ್ತಿದ್ದವರು ತಮ್ಮ ಶಿಷ್ಯರೆದುರಿಗೇ ತಲೆಬಾಗುವುದು ಸುಲಭವಲ್ಲ. ಸಿದ್ಧರಾಮರು ತಲೆಬಾಗಿದರು. ಪ್ರಭುಗಳೊಡನೆ ಕಲ್ಯಾಣಕ್ಕೆ ತೆರಳಿ, ಬಸವಾದಿ ಶರಣರ ಸಂಗದಲ್ಲಿ ಬೆರೆತು, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಕಪಿಲಸಿದ್ಧಮಲ್ಲಿಕಾರ್ಜುನನ ಅಂಕಿತದಲ್ಲಿ ಅವರು ರಚಿಸಿದ ವಚನಗಳು ಈ ಅಂತರಂಗದ ಯಾತ್ರೆಗೆ ಸಾಕ್ಷಿಯಾಗಿವೆ. ಪರಂಪರೆಯಂತೆ ಶೂನ್ಯಪೀಠದಲ್ಲಿ ಪ್ರಭುಗಳು ಮತ್ತು ಚೆನ್ನಬಸವಣ್ಣನವರ ತರುವಾಯ ಸಿದ್ಧರಾಮರದೇ ಸ್ಥಾನ. ಬಳಿಕ ಅವರು ತಾವು ಕಟ್ಟಿದ ಊರಿನಲ್ಲಿಯೇ ಸಮಾಧಿಸ್ಥರಾದರು.

ಇಲ್ಲೊಂದು ಮರ್ಮವನ್ನು ಗಮನಿಸಬೇಕು. ಪ್ರಭುಗಳ ಮಾತಿನಿಂದ ಕೆರೆಯೇನೂ ಬತ್ತಲಿಲ್ಲ, ಗುಡಿಯೇನೂ ಬೀಳಲಿಲ್ಲ. ಅಳಿದುಹೋದದ್ದು ಕರ್ತೃತ್ವದ ಅಹಂಕಾರ ಮಾತ್ರ. ಲೋಕಕ್ಕೆ ಉಪಕಾರವಾದ ಕಾರ್ಯವು ಉಳಿಯಿತು.

ಇಂದಿಗೂ ಸೊಲ್ಲಾಪುರದಲ್ಲಿ ಕೋಟೆಯ ಬದಿಗೆ, ಕೆರೆಯ ನೀರಿನ ನಡುವೆ ಸಿದ್ಧರಾಮೇಶ್ವರರ ಗುಡಿಯು ಶೋಭಿಸುತ್ತಿದೆ. ಕುಂಬಾರ ಕನ್ಯೆಯೊಬ್ಬಳು ಅವರನ್ನೇ ವರಿಸಬೇಕೆಂದು ಹಟಹಿಡಿದಾಗ, ವಿರಕ್ತರಾದ ಅವರು ತಮ್ಮ ಯೋಗದಂಡದೊಡನೆ ಆಕೆಯ ವಿವಾಹಕ್ಕೆ ಸಮ್ಮತಿಸಿದರೆಂಬ ಐತಿಹ್ಯವುಂಟು. ಅದರ ಸ್ಮರಣೆಗಾಗಿ ಪ್ರತಿವರ್ಷ ಮಕರಸಂಕ್ರಾಂತಿಯ ಸುತ್ತಣ ದಿನಗಳಲ್ಲಿ ಗಡ್ಡಾ ಯಾತ್ರೆಯು ನೆರೆಯುತ್ತದೆ. ಏಳು ನಂದಿಧ್ವಜಗಳು ಮೆರವಣಿಗೆಯಲ್ಲಿ ಹೊರಟು, 68 ಲಿಂಗಗಳಿಗೆ ತೈಲಾಭಿಷೇಕ, ಅಕ್ಷತಾ ಸಮಾರಂಭ, ಹೋಮ ಇವು ಕ್ರಮವಾಗಿ ಜರುಗುತ್ತವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಆದರೆ ಯಾತ್ರೆಗೆ ಗಡಿಯ ಹಂಗಿಲ್ಲ. ಕನ್ನಡ, ಮರಾಠಿ, ತೆಲುಗು ನುಡಿಯ ಭಕ್ತರು ಒಂದೇ ಅಂಗಳದಲ್ಲಿ ಅಕ್ಷತೆಯನ್ನು ಚೆಲ್ಲುತ್ತಾರೆ. ಇದೇ ಊರಿನ ಮಗಳಾದ ಜಯದೇವಿತಾಯಿ ಲಿಗಾಡೆಯವರು ‘ಸಿದ್ಧರಾಮ ಪುರಾಣ’ವನ್ನು ತ್ರಿಪದಿಯಲ್ಲಿ ರಚಿಸಿದರು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೂ ಅಲಂಕರಿಸಿದರು.

ಗಡಿನಾಡಿನ ನಮಗೆ ಗುಡಿಯೇ ಪಾಠಶಾಲೆ, ಗುಡಿಯೇ ನುಡಿಯ ಆಶ್ರಯ. ಕಲ್ಲನ್ನು ಕೊಟ್ಟವರೂ ಬೆವರನ್ನು ಕೊಟ್ಟವರೂ ಇಲ್ಲಿ ಸಮಾನರು. ನಮ್ಮ ಗುಡಿಯ ಗೋಪುರವು ಎತ್ತರವಾಗಲಿ. ಅದರೊಡನೆ ಬಾಗಿಲಿಗೆ ಬಂದ ಹಸಿದವನು ಬುತ್ತಿ ಬರುವ ಮೊದಲೇ ಹಿಂದಿರುಗದಿರಲಿ. ಕಟ್ಟಿದೆವೆಂಬ ಹೆಮ್ಮೆಯು ಗರ್ಭಗುಡಿಯ ಹೊಸ್ತಿಲಿನಲ್ಲಿಯೇ ಕರಗಲಿ ಎಂದು ಶ್ರೀ ಸಿದ್ಧರಾಮೇಶ್ವರರ ಚರಣಗಳಲ್ಲಿ ಪ್ರಾರ್ಥಿಸೋಣ.